ಗೇಟಿನ ಮುಂದೆ ನಿಂತವಳು

ಕಾರ್ಮಿಕರ ಬಗ್ಗೆ ಕಿರುಚಿತ್ರ ಅಂದ್ರೆ ಬೆವರಿನ ಕ್ಲೋಸಪ್ಪು, ಹಿಂದೆ ಪಿಟೀಲು, ಕೊನೆಗೊಂದು ಘೋಷಣೆ... ನನಗಂತೂ ಸಾಕಾಗಿದೆ. ಇದ್ಯಾವುದೂ ಇಲ್ಲದ ಒಂದು ಫ್ರೆಂಚ್ ಚಿತ್ರದ ಬಗ್ಗೆ ಹೇಳ್ತೀನಿ.

1968ರ ಜೂನ್ 10. ಪ್ಯಾರಿಸ್ ಪಕ್ಕದ ಸೇಂತ್-ಉವಾನ್‌ನಲ್ಲಿ ವಂಡರ್ ಬ್ಯಾಟರಿ ಕಾರ್ಖಾನೆ. ಮೇ ತಿಂಗಳಲ್ಲಿ ದೇಶವನ್ನೇ ನಿಲ್ಲಿಸಿದ್ದ ಮುಷ್ಕರ ಮುಗಿದು ಎಲ್ಲರೂ ಮತ್ತೆ ಕೆಲಸಕ್ಕೆ ಹೋಗ್ಬೇಕು. ಸಿನಿಮಾ ಶಾಲೆಯ ಹುಡುಗರು ಕ್ಯಾಮೆರಾ ಹಿಡಿದು ಗೇಟಿನ ಹತ್ತಿರ ನಿಂತಿದ್ದಾರೆ. ಒಬ್ಬ ಯುವತಿ ಅಳ್ತಾ ಕೂಗ್ತಿದ್ದಾಳೆ, ನಾನು ಒಳಗೆ ಹೋಗಲ್ಲ ಅಂತ. ಒಳಗಿನ ಕೊಳಕು, ಮೈಗೆಲ್ಲ ಮೆತ್ತುವ ಕಪ್ಪು... ಅವಳಿಗೆ ಸಾಕಾಗಿಹೋಗಿದೆ. ಯೂನಿಯನ್ನಿನವರು ಸಮಾಧಾನ ಮಾಡ್ತಾರೆ, ಇದೂ ಗೆಲುವೇ ಅಂತ. ಅವಳು ಒಪ್ಪಲ್ಲ. ಸುಮಾರು ಹತ್ತು ನಿಮಿಷ, ಎಲ್ಲೂ ಕತ್ತರಿ ಹಾಕಿಲ್ಲ.

ಮಾಲೀಕ ಕೆಟ್ಟವನು ಅಂತ ತೋರಿಸೋದು ಸುಲಭ ಸ್ವಾಮಿ. 'ಇಷ್ಟು ಸಿಕ್ತಲ್ಲ, ನಡಿ ಒಳಗೆ' ಅಂತ ನಮ್ಮವರೇ ಹೇಳೋದನ್ನ ತೋರಿಸೋಕೆ ಗುಂಡಿಗೆ ಬೇಕು. ಸಂಬಳ ಹೆಚ್ಚಾದ ಮಾತ್ರಕ್ಕೆ ಆ ಕಪ್ಪು ಹೋಗಲ್ವಲ್ಲ! ಇದು ಆ ಹುಡುಗರು ಬರೆದು ಆಡಿಸಿದ್ದಲ್ಲ, ಅವರು ಅಲ್ಲಿಂದ ಕದಲಲಿಲ್ಲ ಅಷ್ಟೆ.

ತೊಂಬತ್ತರ ದಶಕದಲ್ಲಿ ಹೆರ್ವೆ ಲ ರೂ ಅನ್ನೋ ನಿರ್ದೇಶಕ ಅವಳನ್ನ ಹುಡುಕಿಕೊಂಡು ಹೊರಟು, ಆ ಹುಡುಕಾಟವನ್ನೇ 'ರಪ್ರೀಸ್' ಅಂತ ಮೂರು ಗಂಟೆಗೂ ಮೀರಿದ ಸಿನಿಮಾ ಮಾಡಿದ. ಜೊತೆಗೆ ಕೆಲಸ ಮಾಡಿದವರು ಸಿಕ್ಕರು. ಅವಳು ಸಿಗಲಿಲ್ಲ.