‘ನಾಯ್ಸ್’ ಅಂದ್ರೆ ಯಾವ ನಾಯ್ಸ್?

ಕಾಲೇಜ್ ಫೆಸ್ಟ್‌ನಲ್ಲಿ ಒಂದು ದೃಶ್ಯ ಪ್ರತಿ ಸಲ ಗ್ಯಾರಂಟಿ. ಲ್ಯಾಪ್‌ಟಾಪಿನ ವೈರನ್ನು ಮಿಕ್ಸರ್‌ಗೆ ಚುಚ್ಚಿದ ಕೂಡಲೇ ಸ್ಪೀಕರ್ ಗುಂಯ್ ಅನ್ನುತ್ತೆ. ಯಾರೋ ಓಡಿ ಬಂದು ಚಾರ್ಜರ್ ಕೀಳ್ತಾರೆ. ಸದ್ದು ನಿಲ್ಲುತ್ತೆ, ಎಲ್ಲರೂ ಚಪ್ಪಾಳೆ. ಯಾಕೆ ನಿಂತಿತು ಅಂತ ಯಾರೂ ಕೇಳಲ್ಲ. ಎಲೆಕ್ಟ್ರಾನಿಕ್ಸ್ ಓದೋ ನಾವೂ ಕೇಳಿರಲಿಲ್ಲ.

ಈ ವರ್ಷ ಕೇಳಲೇಬೇಕಾಯ್ತು. ನಮ್ಮ ಮೂವರಲ್ಲಿ ಒಬ್ಬನ ಅಜ್ಜ ಭದ್ರಾವತಿಯಲ್ಲಿ ಕೆಲಸಕ್ಕಿದ್ದವರು. ಅವರು ಎಪ್ಪತ್ತರ ದಶಕದಲ್ಲಿ ಕೈಯಾರೆ ಕಟ್ಟಿದ ಸ್ಟೀರಿಯೋ ಪ್ರೀಆಂಪ್ಲಿಫೈಯರ್ ಅಟ್ಟದಲ್ಲಿ ಸಿಕ್ತು. ರೆಕಾರ್ಡ್ ಪ್ಲೇಯರಿನ ಮುಳ್ಳಿನಿಂದ ಬರೋ ಪುಟ್ಟ ಸಿಗ್ನಲ್ಲನ್ನು ದೊಡ್ಡದು ಮಾಡಿ ಮುಂದೆ ಕಳಿಸೋ ಪೆಟ್ಟಿಗೆ ಅದು. ಒಳಗೆ ಟ್ರಾನ್ಸಿಸ್ಟರ್ ಇಲ್ಲ, ಗಾಜಿನ ವಾಲ್ವ್‌ಗಳು. ಎಡಕ್ಕೆ ಒಂದು, ಬಲಕ್ಕೆ ಒಂದು, ಎರಡೂ ಇಸಿಸಿ 83, ಎರಡರ ಮೇಲೂ ಬಿಇಎಲ್ ಮುದ್ರೆ. ನಮ್ಮ ಬೆಂಗಳೂರಿನ ಬಿಇಎಲ್ 1961ರಲ್ಲೇ ವಾಲ್ವ್ ತಯಾರಿಸೋಕೆ ಶುರು ಮಾಡಿತ್ತು ಅನ್ನೋದು ಆಮೇಲೆ ಗೊತ್ತಾಯ್ತು. ನಮಗೆ ಬಿಇಎಲ್ ಅಂದ್ರೆ ರೇಡಾರ್ ಮತ್ತು ಪ್ಲೇಸ್‌ಮೆಂಟ್ ಅಷ್ಟೇ.

ಶಿವಮೊಗ್ಗದ ರೂಮಿಗೆ ತಂದು ಸ್ವಿಚ್ ಹಾಕಿದ್ವಿ. ಒಂದು ನಿಮಿಷದಲ್ಲಿ ವಾಲ್ವ್ ಕೆಂಪಗಾಯ್ತು, ಸ್ಪೀಕರ್ ಗುಂಯ್ ಅಂತ ಶುರು ಮಾಡಿತು. ಹಾಡು ಆ ಸದ್ದಿನ ಹಿಂದೆ ಎಲ್ಲೋ ಇತ್ತು. ನಾವೇನು ಮಾಡಿದ್ವಿ? ಕೇಬಲ್ ಬದಲಿಸಿದ್ವಿ. ಆನ್‌ಲೈನಲ್ಲಿ ಎರಡು ಸಾವಿರಕ್ಕೂ ಮೇಲೆ ಕೊಟ್ಟು ಒಂದು ಹೊಸ ವಾಲ್ವ್ ತರಿಸಿದ್ವಿ. ಗುಂಯ್ ಅನ್ನೋದು ಹಾಗೇ ಇತ್ತು, ಆ ತಿಂಗಳ ಮೆಸ್ ದುಡ್ಡು ಮಾತ್ರ ಇರಲಿಲ್ಲ.

ಕೊನೆಗೆ ಪೆಟ್ಟಿಗೆಯನ್ನು ಬೆಡ್‌ಶೀಟಲ್ಲಿ ಸುತ್ತಿಕೊಂಡು ಭದ್ರಾವತಿ ಬಸ್ ಹತ್ತಿದ್ವಿ. ಅಜ್ಜನ ಕಾಲದ ರೇಡಿಯೋ ರಿಪೇರಿಯವರೊಬ್ಬರು ಅಲ್ಲಿ ಇನ್ನೂ ಇದ್ದಾರೆ. ಆಕಾಶವಾಣಿ ಭದ್ರಾವತಿ ಶುರುವಾಗಿದ್ದು 1965ರಲ್ಲಿ. ಊರಲ್ಲೇ ರೇಡಿಯೋ ಕೇಂದ್ರ ಇದ್ದ ಮೇಲೆ ಮನೆ ಮನೆಗೂ ವಾಲ್ವ್ ರೇಡಿಯೋ, ಅದು ಕೆಟ್ಟರೆ ಇವರು.

“ನಾಯ್ಸ್ ಬರ್ತಿದೆ ಅಂಕಲ್” ಅಂದ್ವಿ.

“ನಾಯ್ಸ್ ಅಂದ್ರೆ ಯಾವ ನಾಯ್ಸ್ ಕಣ್ರಪ್ಪಾ? ಹುಷಾರಿಲ್ಲ ಅಂದ್ರೆ ಡಾಕ್ಟ್ರು ಮಾತ್ರೆ ಬರೆದುಬಿಡ್ತಾರಾ? ಗುಂಯ್ ಅನ್ನುತ್ತಾ, ಚರಚರ ಅನ್ನುತ್ತಾ, ಸುಯ್ ಅನ್ನುತ್ತಾ? ವಾಲ್ಯೂಮ್ ತಿರುಗಿಸಿದ್ರೆ ಜಾಸ್ತಿ ಆಗುತ್ತಾ? ಒಂದು ಕಡೆಯೋ, ಎರಡೂ ಕಡೆಯೋ?”

ನಾವು ಮುಖ ಮುಖ ನೋಡಿಕೊಂಡ್ವಿ. ಎರಡು ವಾರ ಅದರ ಜೊತೆ ಗುದ್ದಾಡಿದ್ವಿ, ಒಂದು ಸಲವೂ ಕೂತು ಕೇಳಿರಲಿಲ್ಲ.

ಈಗ ಕೇಳಿದ್ವಿ. ಎರಡೂ ಕಡೆ ಗುಂಯ್. ವಾಲ್ಯೂಮ್ ಸೊನ್ನೆಗೆ ತಂದರೂ ಅಷ್ಟೇ ಸದ್ದು. ಅಂದ್ರೆ ತೊಂದರೆ ವಾಲ್ಯೂಮಿನ ಹಿಂದಿನ ಭಾಗದಲ್ಲಿಲ್ಲ. ಎರಡೂ ಚಾನೆಲ್‌ಗೆ ಹಂಚಿಕೆಯಾಗಿರೋದು ಪವರ್ ಸಪ್ಲೈ. ಮನೆ ಕರೆಂಟು 50 ಹರ್ಟ್ಸ್, ಫುಲ್ ವೇವ್ ರೆಕ್ಟಿಫೈಯರ್ ದಾಟಿದ ಮೇಲೆ ಅದರ ಅಲೆ 100 ಹರ್ಟ್ಸ್. ಆ ಅಲೆಯನ್ನು ಸಮ ಮಾಡಬೇಕಾದ ಫಿಲ್ಟರ್ ಕಂಡೆನ್ಸರ್ (ಅಂಕಲ್ ಕೆಪಾಸಿಟರ್ ಅನ್ನಲ್ಲ) ವಯಸ್ಸಾಗಿ ಒಣಗಿತ್ತು. ಸ್ವಿಚ್ ಆಫ್ ಮಾಡಿ, ಒಂದು ರೆಸಿಸ್ಟರ್ ಮೂಲಕ ಉಳಿದ ಚಾರ್ಜ್ ಇಳಿಸಿ, ಮೀಟರಲ್ಲಿ ಸೊನ್ನೆ ಬಂದಿದೆಯಾ ಅಂತ ನೋಡಿ, ಹಳೇ ಕಂಡೆನ್ಸರ್ ಪಕ್ಕಕ್ಕೇ ಹೊಸದನ್ನು ಕ್ಲಿಪ್ಪಲ್ಲಿ ಸಿಕ್ಕಿಸಿ ಮತ್ತೆ ಆನ್ ಮಾಡಿದ್ರು. ಸದ್ದು ಸರ್ರನೆ ಇಳಿದುಹೋಯ್ತು. ಒಳಗಿರೋದು ಇನ್ನೂರೈವತ್ತು ವೋಲ್ಟ್, ಆದ್ದರಿಂದ ಅಳೆಯುವಾಗ ಅವರ ಎಡಗೈ ಸದಾ ಜೇಬಿನಲ್ಲಿ. ಸ್ಟೈಲ್ ಅಂದ್ಕೊಂಡಿದ್ವಿ. ಎರಡೂ ಕೈ ಒಳಗಿದ್ರೆ ಕರೆಂಟು ಒಂದು ಕೈಯಿಂದ ಇನ್ನೊಂದಕ್ಕೆ ಎದೆ ದಾಟಿಯೇ ಹೋಗೋದು.

ಹಳೇದನ್ನು ಬಿಚ್ಚಿ ಹೊಸದನ್ನು ಬೆಸೆದ ಮೇಲೂ ಎಡಗಡೆ ಒಂದು ಸಣ್ಣ ಗುಂಯ್ ಉಳಿದಿತ್ತು. ನಮ್ಮಲ್ಲೊಬ್ಬಳು ಸಂಗೀತ ಕಲಿತವಳು, “ಇದು ಕೆಳಗಿನ ಷಡ್ಜ” ಅಂದಳು. ಸರಿಯಾಗೇ ಹೇಳಿದ್ದಳು. 100ಕ್ಕೆ ಒಂದು ಸ್ಥಾಯಿ ಕೆಳಗೆ 50. ಅಂದ್ರೆ ಇದು ರೆಕ್ಟಿಫೈಯರ್ ದಾಟಿ ಬಂದಿದ್ದಲ್ಲ, ಮೇನ್ಸಿನಿಂದ ನೇರವಾಗಿ ಎಲ್ಲೋ ನುಗ್ಗುತ್ತಿದೆ. ವಾಲ್ಯೂಮ್ ಜೊತೆ ಏರಿಳೀತಿದೆ, ಹಾಗಾಗಿ ಈ ಸಲ ವಾಲ್ಯೂಮಿಗಿಂತ ಹಿಂದೆ.

ಆಮೇಲೆ ಅವರು ಮಾಡಿದ್ದು ನಮಗೆ ಯಾವ ಸೆಮಿಸ್ಟರಲ್ಲೂ ಸಿಗದ ಪಾಠ. ಎಡದ ವಾಲ್ವನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿದ್ರು. ಗುಂಯ್ ಎಡದಲ್ಲೇ ಉಳೀತು, ಸೋ ವಾಲ್ವ್ ನಿರಪರಾಧಿ. (ನಮ್ಮ ಎರಡು ಸಾವಿರ ಆಗ ಕಣ್ಮುಂದೆ ಬಂತು. ಇದೊಂದು ಕೆಲಸಕ್ಕೆ ಒಂದು ಪೈಸೆ ಬೇಡ.) ಸ್ಟೀರಿಯೋದಲ್ಲಿ ಕೆಟ್ಟ ಕಡೆಯ ಪಕ್ಕದಲ್ಲೇ ಚೆನ್ನಾಗಿರೋ ಅವಳಿ ಕೂತಿರುತ್ತೆ. ಸರ್ಕ್ಯೂಟ್ ಡಯಾಗ್ರಾಮ್ ಇಲ್ಲದಿದ್ರೂ ಬಲದ ವೋಲ್ಟೇಜು ಎಡಕ್ಕೆ ಉತ್ತರ ಹೇಳುತ್ತೆ. ಇನ್‌ಪುಟ್ ಸಾಕೆಟ್ಟನ್ನು ಶಾರ್ಟ್ ಮಾಡಿದ್ರು, ಗುಂಯ್ ಹೋಗಲಿಲ್ಲ. ವಾಲ್ವಿನ ಗ್ರಿಡ್ಡನ್ನೇ ಚಾಸಿಗೆ ಶಾರ್ಟ್ ಮಾಡಿದ್ರು, ಹೋಯ್ತು. ಹಾಗಿದ್ರೆ ಕಳ್ಳ ಇವೆರಡರ ನಡುವೆ. ಟಾರ್ಚ್ ಹಾಕಿ ನೋಡಿದ್ರೆ ಎಡ ಸಾಕೆಟ್ಟಿನ ಅರ್ತ್ ವೈರಿನ ಬೆಸುಗೆ ಸುತ್ತ ಕೂದಲೆಳೆಯಷ್ಟು ಬಿರುಕು. ಡ್ರೈ ಸೋಲ್ಡರ್. ಮತ್ತೆ ಬೆಸೆಯೋಕೆ ಹತ್ತು ಸೆಕೆಂಡು, ಹುಡುಕೋಕೆ ಒಂದೂವರೆ ಗಂಟೆ.

ಫೆಸ್ಟಿನ ಚಾರ್ಜರ್ ಕಥೆಗೂ ಅಲ್ಲೇ ಉತ್ತರ ಸಿಕ್ತು. ಮಿಕ್ಸರಿಗೊಂದು ಅರ್ತ್, ಚಾರ್ಜರಿಗೊಂದು ಅರ್ತ್, ನಡುವೆ ಆಡಿಯೋ ಕೇಬಲ್. ಸೇರಿ ಒಂದು ಉಂಗುರ ಆಗುತ್ತೆ, ಅದರಲ್ಲಿ ಹರಿಯೋ ಮೇನ್ಸ್ ಕರೆಂಟೇ ಆ ಗುಂಯ್. ಚಾರ್ಜರ್ ಕಿತ್ರೆ ಉಂಗುರ ಒಡೆಯುತ್ತೆ. ಆದ್ರೆ ಇದೇ ಗುಂಯ್ ನಿಲ್ಲಿಸೋಕೆ ಕೆಲವರು ಆಂಪ್ಲಿಫೈಯರಿನ ಮೂರನೇ ಪಿನ್ನನ್ನೇ ತೆಗೆದುಬಿಡ್ತಾರಲ್ಲ, ಅದು ದಡ್ಡತನ. ಆ ಪಿನ್ನು ಇರೋದು ಮೈಕ್ ಹಿಡಿದವನ ಪ್ರಾಣಕ್ಕೆ.

ಈಗ ನಮ್ಮ ತಕರಾರು. ನಮ್ಮ ಲ್ಯಾಬುಗಳಲ್ಲಿ ಸರ್ಕ್ಯೂಟ್ ಕೆಲಸ ಮಾಡಲೇಬೇಕು. ಮಾಡದಿದ್ರೆ ಐಸಿ ಬದಲಿಸು, ಬ್ರೆಡ್‌ಬೋರ್ಡ್ ಬದಲಿಸು, ಟೈಮ್ ಆಯ್ತಾ, ಪಕ್ಕದ ಬ್ಯಾಚಿನ ರೀಡಿಂಗ್ ಬರ್ಕೋ. ರೆಕಾರ್ಡಿನಲ್ಲಿ ಎಲ್ಲರದ್ದೂ ‘ಔಟ್‌ಪುಟ್ ವೆರಿಫೈಡ್’. ಯಾಕೆ ಕೆಲಸ ಮಾಡಲಿಲ್ಲ ಅಂತ ಬರೆಯೋಕೆ ಒಂದು ಸಾಲಿನ ಜಾಗವೂ ಇಲ್ಲ. ವಾಲ್ವ್ ಯಾವ ಕಾಲದ್ದು, ಈಗ ಯಾಕೆ ಅಂತ ಸೀನಿಯರ್ಸ್ ನಗ್ತಾರೆ. ವಾಲ್ವ್ ಕಲಿಸಿ ಅಂತ ನಾವು ಹೇಳ್ತಿಲ್ಲ, ಅಷ್ಟು ವೋಲ್ಟೇಜಿನ ಹತ್ತಿರ ಒಬ್ಬೊಬ್ಬರೇ ಹೋಗಲೂಬಾರದು. ಬದಲಿಸೋ ಮುಂಚೆ ಕೇಳಬೇಕು, ಅರ್ಧ ಅರ್ಧ ಭಾಗ ಮಾಡಿ ಹುಡುಕಬೇಕು ಅನ್ನೋದು ಐದು ವೋಲ್ಟಿನ ಬೋರ್ಡಿಗೂ ಅಷ್ಟೇ ನಿಜ.

ಇನ್ನೊಂದು ಮಾತು, ಇದು ಕನ್ನಡ ಸಂಘದ ಪತ್ರಿಕೆ ಅಂತ. ನಾವು ಮೂವರೂ ಇಂಗ್ಲಿಷ್ ಮೀಡಿಯಂ. ಹಮ್, ಬಝ್, ಹಿಸ್ ಅನ್ನೋದನ್ನೆಲ್ಲ ಓದಿದ್ವಿ, ಎರಡೆರಡು ಮಾರ್ಕಿಗೆ ಬರೆದೂ ಇದ್ವಿ. ಅವು ಕಿವಿಯ ತನಕ ಇಳಿದಿರಲಿಲ್ಲ. ಗುಂಯ್, ಚರಚರ, ಸುಯ್ ಅಂತ ಕೇಳಿದಾಗ ಮೊದಲ ಸಲ ಮೂರೂ ಬೇರೆ ಬೇರೆ ಅಂತ ಅನ್ನಿಸ್ತು. ಲ್ಯಾಬ್ ರೆಕಾರ್ಡಿನಲ್ಲಿ ‘ಚರಚರ’ ಅಂತ ಬರೆದ್ರೆ ಮಾರ್ಕ್ ಕಟ್ ಆಗುತ್ತೋ ಏನೋ.

ಎಲೆಕ್ಟ್ರಾನಿಕ್ಸ್ ಲ್ಯಾಬಿನ ಮೂಲೆಯ ಬೀರುವಿನಲ್ಲಿ ‘ನಾಟ್ ವರ್ಕಿಂಗ್’ ಚೀಟಿ ಅಂಟಿಸಿಕೊಂಡ ಫಂಕ್ಷನ್ ಜನರೇಟರ್, ಪವರ್ ಸಪ್ಲೈಗಳು ರಾಶಿ ಇವೆ. ಬ್ಯಾಚಿಗೊಂದು ಕೊಡಲಿ, ಲ್ಯಾಬಿನ ಸರ್ ಜೊತೆಗಿರಲಿ. ರಿಪೇರಿ ಆಗದಿದ್ರೂ ಪರವಾಗಿಲ್ಲ, ಎಲ್ಲಿ ಕೆಟ್ಟಿದೆ ಅಂತ ಒಂದು ಪುಟ ಬರೆದವರಿಗೆ ಮಾರ್ಕ್ ಕೊಡಲಿ. ಇದನ್ನೇ ಬರೆದು ಒಂದು ಅರ್ಜಿ ತಯಾರಿಸಿದ್ದೀವಿ. ಸಹಿ ಹಾಕೋರು ಸಂಘದ ರೂಮಿಗೆ ಬನ್ನಿ, ಪ್ರೀಆಂಪ್ಲಿಫೈಯರ್ ಕೂಡ ಅಲ್ಲೇ ಇದೆ. ಬಲಗಡೆ ಸಣ್ಣಗೆ ಸುಯ್ ಅನ್ನುತ್ತೆ, ಅದನ್ನಿನ್ನೂ ಹುಡುಕ್ತಿದ್ದೀವಿ.