ಗುಡ್ಡದ ಮೇಲೆ ವಿಮಾನ, ಗುಡ್ಡದ ಕೆಳಗೆ ಮನೆ

ಬಜ್ಪೆ, ಕೆಂಜಾರು, ಮಳವೂರು, ಅದ್ಯಪಾಡಿ ಕಡೆಯ ಜನರಿಗೆ ವಿಮಾನ ಹೊಸದೇನೂ ಅಲ್ಲ. 1951ರ ಡಿಸೆಂಬರ್ 25ರಂದು, ಕ್ರಿಸ್ಮಸ್ ದಿನವೇ, ಅಂದಿನ ಪ್ರಧಾನಿ ಜವಾಹರಲಾಲ್ ನೆಹರೂ ಅವರು ಡಗ್ಲಾಸ್ ಡಿಸಿ-3 ವಿಮಾನದಲ್ಲಿ ಇಲ್ಲಿ ಬಂದಿಳಿದರು. ಅಂದಿನಿಂದ ಮೂರು ತಲೆಮಾರುಗಳು ಈ ಸದ್ದನ್ನು ಕೇಳುತ್ತಾ ಬೆಳೆದಿವೆ. ಮೊದಮೊದಲು ಮಕ್ಕಳು ಅಂಗಳಕ್ಕೆ ಓಡಿ ಬಂದು ಆಕಾಶ ನೋಡುತ್ತಿದ್ದರು. ಈಗ ಟೀಚರು ಪಾಠವನ್ನು ಅರ್ಧಕ್ಕೆ ನಿಲ್ಲಿಸಿ, ವಿಮಾನ ದಾಟಿದ ಮೇಲೆ ಮುಂದುವರಿಸುತ್ತಾರೆ. ರಾತ್ರಿ ಕಣ್ಣಿಗೆ ನಿದ್ದೆ ಹತ್ತುವಷ್ಟರಲ್ಲಿ ಮತ್ತೊಂದು ವಿಮಾನ ಬರುತ್ತದೆ.

ಸದ್ದಿನ ಬಗ್ಗೆ ದೂರಿದರೆ "ಊರು ಅಭಿವೃದ್ಧಿಯಾಗುವುದು ಬೇಡವೇ?" ಎಂಬ ಮಾತು ಕೇಳಬೇಕಾಗುತ್ತದೆ. ಸುರಕ್ಷತೆಯ ಬಗ್ಗೆ ಕೇಳಿದರೆ "ಅದನ್ನೆಲ್ಲ ತಿಳಿದವರು ನೋಡಿಕೊಳ್ಳುತ್ತಾರೆ" ಎಂಬ ಉತ್ತರ ಸಿಗುತ್ತದೆ. ಈ ಎರಡೂ ಮಾತುಗಳನ್ನು ನಾವು ಒಪ್ಪಲಾರೆವು. ಗುಡ್ಡದ ಕೆಳಗಿನ ಜನ ವಿಮಾನದ ವಿರೋಧಿಗಳಲ್ಲ. ಅವರದೇ ಮಕ್ಕಳು ದುಬೈ, ಮಸ್ಕತ್, ಬಹರೈನ್‌ಗಳಲ್ಲಿ ದುಡಿಯುತ್ತಿದ್ದಾರೆ. ಯಾವ ವಿಮಾನದ ಸದ್ದಿಗೆ ಮನೆಯ ಅಜ್ಜಿಗೆ ಎಚ್ಚರವಾಗುತ್ತದೋ ಅದೇ ವಿಮಾನದಲ್ಲಿ ಆಕೆಯ ಮೊಮ್ಮಗ ರಜೆಗೆ ಬರುತ್ತಾನೆ. ಆದುದರಿಂದ ಇದನ್ನು ಪ್ರಯಾಣಿಕರು ಮತ್ತು ನೆರೆಹೊರೆಯವರ ನಡುವಿನ ಜಗಳವಾಗಿ ನೋಡುವುದು ಸರಿಯಲ್ಲ. ಕರಾವಳಿಯಲ್ಲಿ ಇಬ್ಬರೂ ಒಂದೇ ಮನೆಯವರು.

ಮೊದಲೇ ಕೇಳಿದ್ದ ಪ್ರಶ್ನೆ

ಹಳೆಯ ರನ್‌ವೇ ಕೇವಲ 1,615 ಮೀಟರ್ ಉದ್ದದ್ದು. 1981ರ ಆಗಸ್ಟ್ 19ರಂದು ಇಂಡಿಯನ್ ಏರ್‌ಲೈನ್ಸ್‌ನ ಆವ್ರೋ ವಿಮಾನವೊಂದು ಇಲ್ಲಿ ರನ್‌ವೇ ದಾಟಿ ಹೋಗಿ ಅಂಚಿನಲ್ಲಿ ನಿಂತಿತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ದೊಡ್ಡ ವಿಮಾನಗಳಿಗೆ ಉದ್ದದ ರನ್‌ವೇ ಬೇಕು ಎಂಬುದರಲ್ಲಿ ಎರಡು ಮಾತಿರಲಿಲ್ಲ. ಆದರೆ ಹೊಸ ರನ್‌ವೇಗೆ ಆರಿಸಿದ ಜಾಗವೂ ಸುತ್ತಲೂ ಕಣಿವೆಯಿರುವ ಗುಡ್ಡದ ನೆತ್ತಿಯೇ ಆಗಿತ್ತು. ಇಂತಹದಕ್ಕೆ ಟೇಬಲ್‌ಟಾಪ್ ಎಂದು ಹೆಸರು. ಮೇಜಿನ ಅಂಚಿನಿಂದ ಜಾರಿದ ವಸ್ತು ನೆಲಕ್ಕೇ ಬೀಳಬೇಕು.

ಸ್ಥಳೀಯ ಜನರು ಸಮಿತಿ ಕಟ್ಟಿಕೊಂಡು, ಪರಿಸರ ಸಂಘಟನೆಯೊಂದರ ಜೊತೆ ಸೇರಿ 1997ರಲ್ಲಿಯೂ 2002ರಲ್ಲಿಯೂ ಹೈಕೋರ್ಟಿನ ಬಾಗಿಲು ತಟ್ಟಿದರು. 2003ರಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋದರು. ವಿಮಾನ ರನ್‌ವೇ ದಾಟಿದರೆ ಮುಂದೇನು ಎಂಬುದು ಅವರ ಪ್ರಶ್ನೆಗಳಲ್ಲಿ ಒಂದು. ಕಾಮಗಾರಿ ನಿಲ್ಲಲಿಲ್ಲ. 2006ರಲ್ಲಿ 2,450 ಮೀಟರ್‌ನ ಹೊಸ ರನ್‌ವೇ ಬಳಕೆಗೆ ಬಂತು.

2010ರ ಮೇ 22ರ ಬೆಳಿಗ್ಗೆ ಆರು ಗಂಟೆಯ ಹೊತ್ತಿಗೆ ಆ ಪ್ರಶ್ನೆಗೆ ಉತ್ತರ ಸಿಕ್ಕಿತು. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812 ವಿಮಾನ ರನ್‌ವೇ ದಾಟಿ ಕಣಿವೆಗೆ ಉರುಳಿ ಹೊತ್ತಿ ಉರಿಯಿತು. ಅದರಲ್ಲಿದ್ದ 166 ಮಂದಿಯಲ್ಲಿ 158 ಮಂದಿ ತೀರಿಕೊಂಡರು. ಬದುಕುಳಿದವರು 8 ಮಂದಿ ಮಾತ್ರ. ಮದುವೆಗೆ, ಮರಣಕ್ಕೆ, ರಜೆಗೆಂದು ಊರಿಗೆ ಹೊರಟಿದ್ದವರು ಮನೆ ಸೇರಲಿಲ್ಲ. ಗುರುತು ಹಿಡಿಯಲಾಗದ 12 ದೇಹಗಳನ್ನು ಗುರುಪುರ ನದಿಯ ದಂಡೆಯಲ್ಲಿ ಜೊತೆಯಾಗಿ ಮಣ್ಣು ಮಾಡಲಾಯಿತು. ಅಲ್ಲಿ ಮಲಗಿರುವವರ ಜಾತಿ ಯಾವುದು, ಮತ ಯಾವುದು ಎಂದು ಕೇಳುವವರಿಲ್ಲ.

ತಪ್ಪು ಯಾರದು?

ನಿವೃತ್ತ ಏರ್ ಮಾರ್ಷಲ್ ಬಿ.ಎನ್. ಗೋಖಲೆ ಅವರ ನೇತೃತ್ವದಲ್ಲಿ ತನಿಖೆ ನಡೆಯಿತು. ವಿಮಾನ ಸರಿಯಾದ ಎತ್ತರದಲ್ಲಿ ಇಳಿದು ಬರುತ್ತಿರಲಿಲ್ಲ, ಹಾಗಿದ್ದೂ ಕ್ಯಾಪ್ಟನ್ ಇಳಿಯುವ ಪ್ರಯತ್ನವನ್ನು ಕೈಬಿಡಲಿಲ್ಲ ಎಂಬುದೇ ಅಪಘಾತಕ್ಕೆ ನೇರ ಕಾರಣವೆಂದು ವರದಿ ಹೇಳಿತು. ಮತ್ತೆ ಮೇಲಕ್ಕೆ ಹೋಗೋಣ ಎಂದು ಸಹ ಪೈಲಟ್ ಮೂರು ಬಾರಿ ಎಚ್ಚರಿಸಿದ್ದರು. ಸುಮಾರು 8,030 ಅಡಿ ಉದ್ದದ ರನ್‌ವೇಯಲ್ಲಿ 5,200 ಅಡಿ ದಾಟಿದ ಮೇಲೆ ಚಕ್ರ ನೆಲ ಮುಟ್ಟಿತು. ಆಗಲೂ ಪೂರ್ತಿ ಬ್ರೇಕ್ ಹಾಕಿದ್ದರೆ ವಿಮಾನ ನಿಲ್ಲುವ ಸಾಧ್ಯತೆಯಿತ್ತು. ಆದರೆ ಕ್ಯಾಪ್ಟನ್ ತಡವಾಗಿ ಮತ್ತೆ ಹಾರಲು ನೋಡಿದರು.

ಹಾಗಾದರೆ ರನ್‌ವೇಯದ್ದೇನೂ ತಪ್ಪಿಲ್ಲವೇ? ಇಲ್ಲಿಯೇ ನಾವು ಸ್ವಲ್ಪ ನಿಂತು ಯೋಚಿಸಬೇಕು. ತಪ್ಪು ಮನುಷ್ಯನದು ಎಂಬುದು ನಿಜ. ಆದರೆ ಮನುಷ್ಯ ತಪ್ಪುತ್ತಾನೆ ಎಂದು ಗೊತ್ತಿರುವುದರಿಂದಲೇ ಎಲ್ಲ ವಿಮಾನ ನಿಲ್ದಾಣಗಳಲ್ಲೂ ರನ್‌ವೇಯ ತುದಿಯಲ್ಲಿ ಒಂದಷ್ಟು ಸುರಕ್ಷತಾ ಜಾಗ ಬಿಡುತ್ತಾರೆ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಅದು ಕನಿಷ್ಠ 90 ಮೀಟರ್ ಇರಬೇಕು. ಇಂತಹ ದೊಡ್ಡ ರನ್‌ವೇಗಳಿಗೆ ಶಿಫಾರಸು ಮಾಡಿರುವುದು 240 ಮೀಟರ್. ನಮ್ಮಲ್ಲಿ ಅಂದು ಇದ್ದದ್ದು 90. ಅದರಾಚೆ ದಿಕ್ಕು ತೋರಿಸುವ ಉಪಕರಣಕ್ಕೆಂದು ಕಟ್ಟಿದ್ದ ಕಾಂಕ್ರೀಟ್ ದಿಬ್ಬಕ್ಕೆ ರೆಕ್ಕೆ ಬಡಿಯಿತು, ಅದರಾಚೆ ಇಳಿಜಾರು. ಕಾನೂನಿನ ಕನಿಷ್ಠವನ್ನು ಪಾಲಿಸಿದ್ದೇವೆ ಎಂಬ ಸಮಾಧಾನ 158 ಕುಟುಂಬಗಳ ಉಪಯೋಗಕ್ಕೆ ಬರಲಿಲ್ಲ. ಜಾರಿದ ವಿಮಾನವನ್ನು ಹಿಡಿದು ನಿಲ್ಲಿಸುವ ಮೆದುನೆಲದ ವ್ಯವಸ್ಥೆ ಬೇಕೆಂದು ತನಿಖಾ ವರದಿಯೇ ಸಲಹೆ ಮಾಡಿತ್ತು.

ಹತ್ತು ವರ್ಷ ಕಳೆದು 2020ರ ಆಗಸ್ಟ್ 7ರಂದು, ಧಾರಾಕಾರ ಮಳೆಯಲ್ಲಿ, ಇನ್ನೊಂದು ಟೇಬಲ್‌ಟಾಪ್ ರನ್‌ವೇಯಾದ ಕೋಝಿಕ್ಕೋಡಿನಲ್ಲಿ ಅದೇ ಕಥೆ ಮರುಕಳಿಸಿತು. ಇಬ್ಬರು ಪೈಲಟ್‌ಗಳೂ ಸೇರಿ 21 ಮಂದಿ ಸತ್ತರು. ಅಲ್ಲಿಯೂ ವಿಮಾನ ರನ್‌ವೇಯ ಸುಮಾರು ಅರ್ಧಭಾಗ ದಾಟಿದ ಮೇಲೆ ನೆಲ ಮುಟ್ಟಿತ್ತು. ಒಂದೇ ಪಾಠವನ್ನು ಎರಡು ಬಾರಿ ಇಷ್ಟು ದುಬಾರಿ ಬೆಲೆಗೆ ಕಲಿಯಬೇಕಾಯಿತು.

ಏನೂ ಆಗಿಲ್ಲ ಎಂದು ಹೇಳುವುದು ಅನ್ಯಾಯವಾದೀತು. ನಮ್ಮ ನಿಲ್ದಾಣದ ರನ್‌ವೇಗೆ 2023ರಲ್ಲಿ ಹೊಸ ಮೇಲ್ಮೈ ಹಾಕಲಾಗಿದೆ, ನಡುಗೆರೆಯ ದೀಪಗಳನ್ನು ಅಳವಡಿಸಲಾಗಿದೆ. ಆದರೆ ದೀಪ ಹಾಕಿದಷ್ಟು ಸುಲಭವಾಗಿ ರನ್‌ವೇಯ ಅಂಚಿನ ಜಾಗವನ್ನು ಹಿಗ್ಗಿಸಲಾಗುವುದಿಲ್ಲ. ಅದಕ್ಕೆ ಜಮೀನು ಬೇಕು. ಜಮೀನು ಎಂದೊಡನೆ ಮತ್ತೆ ಗುಡ್ಡದ ಕೆಳಗಿನವರ ಮನೆ, ತೋಟ, ಬಾವಿಗಳ ಮಾತು ಬರುತ್ತದೆ.

ಸದ್ದಿನ ಲೆಕ್ಕ

ಇನ್ನು ಸದ್ದಿನ ವಿಚಾರ. ವಸತಿ ಪ್ರದೇಶಗಳಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮೀರಬಾರದೆಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ವಿಮಾನ ನಿಲ್ದಾಣಗಳ ಸುತ್ತಲಿನ ವಲಯಕ್ಕೆ 2018ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಬೇರೆಯೇ ಮಿತಿ ಗೊತ್ತುಪಡಿಸಿತು. ವರ್ಷಕ್ಕೆ 50,000ಕ್ಕಿಂತ ಹೆಚ್ಚು ಬಾರಿ ವಿಮಾನ ಏರಿಳಿಯುವ ದೊಡ್ಡ ನಿಲ್ದಾಣಗಳಲ್ಲಿ ಹಗಲು 70, ರಾತ್ರಿ 65. ನಮ್ಮಂತಹ ಸಣ್ಣ ನಿಲ್ದಾಣಗಳಲ್ಲಿ ಹಗಲು 65, ರಾತ್ರಿ 60. ಡೆಸಿಬಲ್ ಲೆಕ್ಕದಲ್ಲಿ 10 ಹೆಚ್ಚಾದರೆ ಕಿವಿಗೆ ಸದ್ದು ಸುಮಾರು ಇಮ್ಮಡಿಯಾಗಿ ಕೇಳುತ್ತದೆ. ಅಂದರೆ ನಿಲ್ದಾಣದ ಪಕ್ಕದವರು ಬೇರೆಯವರಿಗಿಂತ ಹೆಚ್ಚು ಸಹಿಸಿಕೊಳ್ಳಬೇಕೆಂದು ಕಾನೂನೇ ಹೇಳಿದಂತಾಯಿತು.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಈ ಅಂಕಿಗಳು ಸರಾಸರಿಯವು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ನಾಲ್ಕೈದು ವಿಮಾನಗಳು ಮಾತ್ರ ಹಾರಿದರೆ ಉಳಿದ ಹೊತ್ತಿನ ಮೌನವೆಲ್ಲ ಸೇರಿ ಸರಾಸರಿ ಕಡಿಮೆಯಾಗುತ್ತದೆ. ಕಾಗದದ ಮೇಲೆ ಎಲ್ಲವೂ ಸರಿ. ಆದರೆ ಮಲಗಿದವನಿಗೆ ಎಚ್ಚರವಾಗುವುದು ಸರಾಸರಿಯಿಂದಲ್ಲ, ತಲೆಯ ಮೇಲೆ ಹೋಗುವ ಒಂದು ವಿಮಾನದಿಂದ. ರಾತ್ರಿಯ ವಿಮಾನ ಸದ್ದು 40 ಡೆಸಿಬಲ್‌ಗಿಂತ ಕಡಿಮೆಯಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಶಾಖೆ 2018ರಲ್ಲಿ ಸಲಹೆ ನೀಡಿದ್ದು ನಿದ್ದೆಗೆಡುವುದರಿಂದ ಆರೋಗ್ಯ ಹಾಳಾಗುತ್ತದೆಂಬ ಕಾರಣಕ್ಕೆ. ವಯಸ್ಸಾದವರು, ಕಾಯಿಲೆಯವರು, ಪರೀಕ್ಷೆಗೆ ಓದುವ ಮಕ್ಕಳು ಹೇಳುವ ಕಷ್ಟವನ್ನು ನೆಪವೆಂದು ತಳ್ಳಿಹಾಕುವಂತಿಲ್ಲ.

ಆಗಬೇಕಾದದ್ದು

2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಏರ್ ಇಂಡಿಯಾ ವಿಮಾನ ವೈದ್ಯಕೀಯ ಕಾಲೇಜಿನ ಹಾಸ್ಟೆಲಿನ ಮೇಲೆ ಬಿದ್ದಾಗ ವಿಮಾನದಲ್ಲಿದ್ದ 241 ಮಂದಿಯ ಜೊತೆಗೆ ನೆಲದ ಮೇಲಿದ್ದ 19 ಮಂದಿಯೂ ಸತ್ತರು. ವಿಮಾನ ಹತ್ತದೆಯೂ ವಿಮಾನ ಅಪಘಾತದಲ್ಲಿ ಸಾಯಬಹುದು ಎಂದು ದೇಶಕ್ಕೆ ಅಂದು ಅರಿವಾಯಿತು. ಅದೇ ತಿಂಗಳು ಕೇಂದ್ರ ಸರಕಾರ ನಿಲ್ದಾಣಗಳ ಸುತ್ತ ಮಿತಿ ಮೀರಿದ ಎತ್ತರದ ಕಟ್ಟಡ, ಮರಗಳನ್ನು ತೆಗೆಸುವ ಕರಡು ನಿಯಮ ಪ್ರಕಟಿಸಿತು. ನೆರೆಯವರಿಂದ ವಿಮಾನಕ್ಕೆ ಅಪಾಯವಾಗದಂತೆ ನಿಯಮ ಮಾಡುವುದು ಅಗತ್ಯವೇ. ವಿಮಾನದಿಂದ ನೆರೆಯವರಿಗೆ ಅಪಾಯವಾಗದಂತೆ ನೋಡಿಕೊಳ್ಳುವುದೂ ಅಷ್ಟೇ ಅಗತ್ಯ.

2020ರ ಅಕ್ಟೋಬರ್ 31ರಿಂದ ಮಂಗಳೂರು ನಿಲ್ದಾಣದ ನಿರ್ವಹಣೆ ಅದಾನಿ ಸಂಸ್ಥೆಯ ಕೈಯಲ್ಲಿದೆ. ವಿಮಾನ ಸಂಚಾರ ನಿಯಂತ್ರಣ ವಿಮಾನ ನಿಲ್ದಾಣ ಪ್ರಾಧಿಕಾರದ್ದು. ಸುರಕ್ಷತೆಯ ಮೇಲ್ವಿಚಾರಣೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ್ದು. ರಸ್ತೆ, ಚರಂಡಿ ಪಂಚಾಯತು ಅಥವಾ ಲೋಕೋಪಯೋಗಿ ಇಲಾಖೆಯದ್ದು. ಸಾಮಾನ್ಯ ಮನುಷ್ಯ ಯಾರ ಬಾಗಿಲು ತಟ್ಟಬೇಕು? ಆದ್ದರಿಂದ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಇವರೆಲ್ಲರೂ ಸುತ್ತಲಿನ ಗ್ರಾಮಗಳ ಪ್ರತಿನಿಧಿಗಳೊಡನೆ ಮೂರು ತಿಂಗಳಿಗೊಮ್ಮೆ ಒಂದೇ ಮೇಜಿನ ಸುತ್ತ ಕುಳಿತುಕೊಳ್ಳಲಿ ಎಂಬುದು ನಮ್ಮ ಮೊದಲ ಒತ್ತಾಯ.

ಎರಡನೆಯದಾಗಿ, ವಿಮಾನ ಇಳಿಯುವ ದಾರಿಯಲ್ಲಿರುವ ಶಾಲೆ, ಮನೆಗಳ ಬಳಿ ಸದ್ದನ್ನು ಅಳೆದು, ಸರಾಸರಿಯನ್ನಷ್ಟೇ ಅಲ್ಲದೆ ರಾತ್ರಿಯ ಪ್ರತಿಯೊಂದು ವಿಮಾನದ ಗರಿಷ್ಠ ಸದ್ದನ್ನೂ ಕನ್ನಡದಲ್ಲಿ ಪ್ರಕಟಿಸಲಿ. ಮೂರನೆಯದಾಗಿ, 2010ರಲ್ಲಿ ಉರಿಯುವ ವಿಮಾನದ ಕಡೆಗೆ ಮೊದಲು ಓಡಿದವರಲ್ಲಿ ಊರವರೂ ಇದ್ದರು. ಕಿರಿದಾದ ಅಂಕುಡೊಂಕು ರಸ್ತೆಯಲ್ಲಿ ರಕ್ಷಣಾ ವಾಹನಗಳು ಪಟ್ಟ ಪಾಡನ್ನು ನೋಡಿದವರೂ ಅವರೇ. ನಿಲ್ದಾಣದ ಹೊರಗಿನ ರಸ್ತೆಗಳು ಅಗಲವಾಗಲಿ, ಅಣಕು ಕಾರ್ಯಾಚರಣೆಗಳಲ್ಲಿ ಊರಿನ ಯುವಕರಿಗೂ ತರಬೇತಿ ಸಿಗಲಿ. ನಾಲ್ಕನೆಯದಾಗಿ, ರನ್‌ವೇಯ ತುದಿಯ ಸುರಕ್ಷತಾ ಜಾಗವನ್ನು ಹೆಚ್ಚಿಸಲು ಜಮೀನು ಬೇಕಿದ್ದರೆ ಕೊಡುವವನು ಬೀದಿಗೆ ಬೀಳದಂತೆ ನ್ಯಾಯವಾದ ಬೆಲೆ ಮತ್ತು ಪುನರ್ವಸತಿ ಮೊದಲು ಸಿಗಲಿ.

ನಮ್ಮ ಮೇಲೂ ಜವಾಬ್ದಾರಿಯಿದೆ. ನಿಲ್ದಾಣದಿಂದ 10 ಕಿಲೋಮೀಟರ್ ಒಳಗೆ ಹಕ್ಕಿಗಳನ್ನು ಸೆಳೆಯುವಂತೆ ಕಸ, ಮಾಂಸದ ತ್ಯಾಜ್ಯ ಎಸೆಯುವುದನ್ನು 1937ರ ವಿಮಾನ ನಿಯಮಗಳೇ ನಿಷೇಧಿಸಿದ್ದವು. ಮದುವೆ ಊಟದ ಎಲೆ, ಕೋಳಿ ಅಂಗಡಿಯ ಚೀಲ ರಸ್ತೆ ಬದಿಗೆ ಬಿದ್ದರೆ ಹದ್ದು, ಕಾಗೆಗಳು ಸೇರುತ್ತವೆ. ಒಂದು ಹದ್ದು ಎಂಜಿನಿಗೆ ಸಿಕ್ಕಿದರೆ ಸಾಕು. ಅನುಮತಿಯಿಲ್ಲದೆ ಮಹಡಿಯ ಮೇಲೆ ಮಹಡಿ ಏರಿಸಿ ಆಮೇಲೆ ಸುರಕ್ಷತೆಯ ಬಗ್ಗೆ ಮಾತಾಡುವುದೂ ಸರಿಯಲ್ಲ.

ಪ್ರತಿ ವರ್ಷ ಮೇ 22ರಂದು ಕೂಳೂರಿನ ನದಿ ದಂಡೆಯ ಸ್ಮಾರಕದಲ್ಲಿ ಹೂವಿಟ್ಟು ಮೌನ ಆಚರಿಸಲಾಗುತ್ತದೆ. ಅಗಲಿದವರಿಗಾಗಿ ನಾವೂ ಪ್ರಾರ್ಥಿಸುತ್ತೇವೆ. ಆದರೆ ವರ್ಷದ ಉಳಿದ ದಿನಗಳಲ್ಲಿ ಗುಡ್ಡದ ಕೆಳಗಿನವರು ಕೇಳುವ ಪ್ರಶ್ನೆಗೂ ಮೌನವೇ ಉತ್ತರವಾಗಬಾರದು. ಅವರು 1997ರಲ್ಲಿ ಕೇಳಿದಾಗ ಕಿವಿಗೊಟ್ಟವರು ಕಡಿಮೆ. ಈ ಸಲವಾದರೂ ಸಂಬಂಧಪಟ್ಟವರು ಅಪಘಾತಕ್ಕೆ ಮೊದಲೇ ಕಿವಿಗೊಡಲಿ.