‘ಇಷ್ಟವಾದದ್ದನ್ನ ಮಾಡ್ತಾನೇ ಹೋದ್ರು’ ಅನ್ನೋ ಮಾತು

(1/4)

ಟೈಟಾನಿಕ್ ಹಾಡು ಶುರುವಾಗೋ ಮುಂಚೆ ಒಂದು ಸಣ್ಣ ಕೊಳಲಿನ ದನಿ ಬರುತ್ತಲ್ಲ, ಅದನ್ನ ಗುರುತು ಹಿಡಿಯದವರು ನಮ್ಮ ಕ್ಲಾಸಲ್ಲಿ ಇರಲಿಕ್ಕಿಲ್ಲ. ಸಿನಿಮಾ ಪೂರ್ತಿ ನೋಡದವರಿಗೂ ಗೊತ್ತು. ರಿಸೆಪ್ಷನ್‌ನಲ್ಲಿ ಆರ್ಕೆಸ್ಟ್ರಾದವರು ನುಡಿಸ್ತಾರೆ, ಕೀಬೋರ್ಡ್ ಕ್ಲಾಸಿಗೆ ಎರಡು ವಾರ ಹೋದವರೂ ನುಡಿಸ್ತಾರೆ. ಹಾಡಿದ್ದು ಸೆಲೀನ್ ಡಿಯಾನ್ ಅಂತ ಎಲ್ಲರೂ ಹೇಳ್ತೀವಿ. ರಾಗ ಹಾಕಿದವರ ಹೆಸರು ಕೇಳಿದ್ರೆ ಮಾತ್ರ ತಲೆ ಕೆರ್ಕೊಳ್ತೀವಿ. ಜೇಮ್ಸ್ ಹಾರ್ನರ್.

ಹಾರ್ನರ್ ಪೈಲಟ್ ಕೂಡ ಆಗಿದ್ರು. 2015ರ ಜೂನ್ 22ರ ಬೆಳಿಗ್ಗೆ, ಕ್ಯಾಲಿಫೋರ್ನಿಯಾದ ಲಾಸ್ ಪಾದ್ರೆಸ್ ಕಾಡಿನ ಬೆಟ್ಟಗಳ ನಡುವೆ, ತಮ್ಮದೇ ವಿಮಾನವನ್ನ ತಾವೇ ಓಡಿಸ್ತಿದ್ದಾಗ ಅದು ನೆಲಕ್ಕೆ ಅಪ್ಪಳಿಸಿ ತೀರಿಕೊಂಡರು. ವಿಮಾನದಲ್ಲಿ ಒಬ್ಬರೇ ಇದ್ದರು. ವಯಸ್ಸು 61. ಮನೆಯಲ್ಲಿ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು.

ಜೂನ್ ಬಂದ್ರೆ ಸಿನಿಮಾ ಸಂಗೀತದ ಪೇಜುಗಳಲ್ಲಿ ಅವರ ಕಪ್ಪು-ಬಿಳುಪು ಫೋಟೋ ಓಡಾಡುತ್ತೆ. ಕೆಳಗೆ ಒಂದು ಸಾಲು ಇದ್ದೇ ಇರುತ್ತೆ: ತಮಗೆ ಇಷ್ಟವಾದದ್ದನ್ನ ಮಾಡ್ತಾನೇ ಹೋದ್ರು. ಹೃದಯದ ಇಮೋಜಿ, ವಿಮಾನದ ಇಮೋಜಿ. ನನ್ನ ತಕರಾರು ಆ ಸಾಲಿನ ಮೇಲೆ. ಹಾರ್ನರ್ ಮೇಲಲ್ಲ, ಅವರ ಸಂಗೀತ ನನ್ನ ಫೋನಲ್ಲಿ ಅಕೌಂಟ್ಸ್ ನೋಟ್ಸಿಗಿಂತ ಜಾಸ್ತಿ ಜಾಗ ತಿಂದಿದೆ.

(2/4)

ಮೊದಲು ಮನುಷ್ಯ ಯಾರು ಅಂತ ನೋಡೋಣ. ಹುಟ್ಟಿದ್ದು 1953ರಲ್ಲಿ ಲಾಸ್ ಏಂಜಲೀಸಿನಲ್ಲಿ. ಅಪ್ಪ ಹ್ಯಾರಿ ಹಾರ್ನರ್ ಸಿನಿಮಾ ಸೆಟ್ ವಿನ್ಯಾಸಕಾರ, ಅವರಿಗೇ ಎರಡು ಆಸ್ಕರ್ ಬಂದಿತ್ತು. ಮಗ ಐದನೇ ವಯಸ್ಸಿಗೆ ಪಿಯಾನೋ ಮುಂದೆ ಕೂತ. ಆಮೇಲೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್‌ನಲ್ಲಿ ಕಲಿತ. 1982ರ ‘ಸ್ಟಾರ್ ಟ್ರೆಕ್’ ಎರಡನೇ ಭಾಗದಿಂದ ಹೆಸರು ಬಂತು. ಅಲ್ಲಿಂದ ಮುಂದೆ 100ಕ್ಕೂ ಹೆಚ್ಚು ಸಿನಿಮಾಗೆ ಕೆಲಸ. ‘ಬ್ರೇವ್‌ಹಾರ್ಟ್’, ‘ಅಪೊಲೊ 13’ ಎರಡೂ ಒಂದೇ ವರ್ಷ, 1995. ಎರಡಕ್ಕೂ ಆಸ್ಕರ್ ನಾಮನಿರ್ದೇಶನ.

ಟೈಟಾನಿಕ್ ಕಥೆ ಮಜವಾಗಿದೆ. 1986ರಲ್ಲಿ ‘ಏಲಿಯನ್ಸ್’ ಮಾಡುವಾಗ ಜೇಮ್ಸ್ ಕ್ಯಾಮರೂನ್‌ಗೂ ಇವರಿಗೂ ಸಮಯ ಸಾಲದ ವಿಷಯಕ್ಕೆ ಚೆನ್ನಾಗಿಯೇ ಜಟಾಪಟಿ ಆಗಿತ್ತು. ಸುಮಾರು ಹತ್ತು ವರ್ಷ ಆದ್ಮೇಲೆ ಬ್ರೇವ್‌ಹಾರ್ಟ್ ಸಂಗೀತ ಕೇಳಿ ಕ್ಯಾಮರೂನ್ ಮತ್ತೆ ಕರೆದರು. ಸಿನಿಮಾ ಕೊನೆಯಲ್ಲಿ ಹಾಡು ಬೇಡ ಅನ್ನೋದು ನಿರ್ದೇಶಕರ ಹಟ. ಹಾರ್ನರ್ ಏನು ಮಾಡಿದರು? ಸಾಹಿತಿ ವಿಲ್ ಜೆನ್ನಿಂಗ್ಸ್ ಜೊತೆ ಗುಟ್ಟಾಗಿ ಹಾಡು ಮಾಡಿ, ಸೆಲೀನ್ ಡಿಯಾನ್ ಕೈಲಿ ಡೆಮೊ ಹಾಡಿಸಿ, ಟೇಪ್ ಇಟ್ಕೊಂಡು ಕಾದರು. ಕ್ಯಾಮರೂನ್ ಮೂಡ್ ಚೆನ್ನಾಗಿರೋ ದಿನ ನೋಡಿ ಕೇಳಿಸಿದರು. ಮನೇಲಿ ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕಿಸೋಕೆ ನಾವು ಮಾಡೋದೂ ಇದನ್ನೇ ಅಲ್ವಾ! 1998ರ ಆಸ್ಕರ್‌ನಲ್ಲಿ ಸಂಗೀತಕ್ಕೊಂದು, ಹಾಡಿಗೊಂದು ಪ್ರಶಸ್ತಿ ಬಂತು. ಆ ಆಲ್ಬಮ್ 2.5 ಕೋಟಿಗೂ ಹೆಚ್ಚು ಪ್ರತಿ ಮಾರಾಟ ಆಯ್ತು, ಅದರಲ್ಲಿ ಬಹುಪಾಲು ಬರೀ ವಾದ್ಯಸಂಗೀತ ಇದ್ದರೂ.

ಇನ್ನೊಂದು ವಿಷಯ ನನಗೆ ಇದಕ್ಕಿಂತ ಇಷ್ಟ. ಆಂಟ್ವಾನ್ ಫುಕ್ವಾ ಅನ್ನೋ ನಿರ್ದೇಶಕರ ‘ಸೌತ್‌ಪಾ’ ಸಿನಿಮಾಗೆ ದುಡ್ಡಿರಲಿಲ್ಲ. ಹೆಂಡತಿ ಸತ್ತ ಒಬ್ಬ ಬಾಕ್ಸರ್, ಅವನ ಪುಟ್ಟ ಮಗಳು, ಅವರಿಬ್ಬರ ಕಥೆ. ಹಾರ್ನರ್ ಅದನ್ನ ಸಂಬಳ ಇಲ್ಲದೇ ಮಾಡಿಕೊಟ್ಟರು. ಅದೇ ನಿರ್ದೇಶಕರ ಮುಂದಿನ ಸಿನಿಮಾ ‘ದಿ ಮ್ಯಾಗ್ನಿಫಿಸೆಂಟ್ ಸೆವೆನ್’ಗೆ ಯಾರೂ ಕೇಳುವ ಮುಂಚೆಯೇ, ಬರೀ ಸ್ಕ್ರಿಪ್ಟ್ ಓದಿ ರಾಗಗಳನ್ನ ಬರೆದಿಟ್ಟಿದ್ದರು. ಅವರು ಹೋದ ಮೇಲೆ ಅವರ ತಂಡದವರು ತಗೊಂಡು ಹೋಗಿ ನಿರ್ದೇಶಕರಿಗೆ ಕೊಟ್ಟರು. ಉಳಿದದ್ದನ್ನ ಜೊತೆಗಾರ ಸೈಮನ್ ಫ್ರ್ಯಾಂಗ್ಲೆನ್ ಮುಗಿಸಿದರು.

ಸಂಸಾರದ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. ಮನೆಯವರನ್ನ ಕ್ಯಾಮೆರಾ ಮುಂದೆ ನಿಲ್ಲಿಸಿ ಹೆಸರು ಮಾಡಿಕೊಂಡ ಮನುಷ್ಯ ಅಲ್ಲ ಅವರು. ಅದು ಅವರ ಮನೆ ವಿಷಯ, ನಾನೂ ಬಾಗಿಲ ಹೊರಗೇ ನಿಲ್ತೀನಿ.

(3/4)

ಈಗ ಅಸಲು ವಿಷಯ.

ಹಾರ್ನರ್ ಅಭಿಮಾನಿಗಳ ಹತ್ತಿರ ಕೂತ್ರೆ ಒಂದು ಜಗಳ ಗ್ಯಾರಂಟಿ. ಅವರದ್ದೊಂದು ನಾಲ್ಕು ಸ್ವರದ ತುಣುಕಿದೆ, ಅಪಾಯ ಬರ್ತಿದೆ ಅನ್ನೋವಾಗ ಹಿತ್ತಾಳೆ ವಾದ್ಯಗಳಲ್ಲಿ ಗುಯ್ ಅಂತ ಬರುತ್ತೆ. 1988ರ ‘ವಿಲೋ’ದಲ್ಲಿದೆ, 2001ರ ‘ಎನಿಮಿ ಅಟ್ ದಿ ಗೇಟ್ಸ್’ನಲ್ಲಿದೆ, 2004ರ ‘ಟ್ರಾಯ್’ನಲ್ಲಿದೆ, ‘ಅವತಾರ್’ನಲ್ಲೂ ಇದೆ. ತಮ್ಮದನ್ನೇ ತಾವು ಕಾಪಿ ಹೊಡೆದರು ಅಂತ ಬೈಯೋರು ಬೈತಾರೆ. ಅದು ಅವರ ಸಹಿ ಅಂತ ವಾದ ಮಾಡೋರು ಮಾಡ್ತಾರೆ. ನನ್ನ ಪ್ರಕಾರ ವಿಲೋದಲ್ಲಿ ಸಹಿ, ಟ್ರಾಯ್‌ನಲ್ಲಿ ಅವಸರ (ಅದಕ್ಕೆ ಅವರಿಗೆ ಸಿಕ್ಕಿದ್ದು ಕೆಲವೇ ದಿನ, ಪಾಪ). ಇಷ್ಟೆಲ್ಲ ಬೈದರೂ ಯಾರಿಗೂ ಅವರ ಮೇಲಿನ ಪ್ರೀತಿ ಕಮ್ಮಿ ಆಗಿಲ್ಲ. ಸತ್ತವರ ಬಗ್ಗೆ ಹೀಗೆ ಮಾತಾಡಬಾರದು ಅಂತ ಯಾರೂ ಬಾಯಿ ಮುಚ್ಚಿಸಲ್ಲ.

ಹಾಗಾದ್ರೆ ವಿಮಾನದ ವಿಷಯ ಬಂದಾಗ ಮಾತ್ರ ಯಾಕೆ ಎಲ್ಲರೂ ಕವಿಗಳಾಗ್ತೀವಿ?

ಅವರು ಓಡಿಸ್ತಿದ್ದದ್ದು ಶಾರ್ಟ್ ಟುಕಾನೊ. ಹಿಂದೆ ಮುಂದೆ ಎರಡು ಸೀಟು, ಒಂದು ಎಂಜಿನ್, ಮೂಗಿನಲ್ಲಿ ಪ್ರೊಪೆಲರ್. ಬ್ರಿಟನ್ನಿನ ವಾಯುಪಡೆ ಹುಡುಗರಿಗೆ ತರಬೇತಿ ಕೊಡೋಕೆ ಬಳಸ್ತಿದ್ದ ಮಾದರಿ. ಚುರುಕಾದ ವಿಮಾನ. ಅಮೆರಿಕದಲ್ಲಿ ಇಂಥ ಅಪಘಾತಗಳನ್ನ ತನಿಖೆ ಮಾಡೋಕೆ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಅಂತ ಇದೆ. ಅವರು ಕೊಟ್ಟ ಕಾರಣ ಒಂದು ಸಾಲಿನದು: ತುಂಬಾ ಕೆಳಗೆ ಹಾರಾಡುವಾಗ ಪೈಲಟ್ ನೆಲದಿಂದ ಅಂತರ ಕಾಯ್ದುಕೊಳ್ಳಲಿಲ್ಲ. ಅಷ್ಟೇ. ವಿಧಿ ಅಂತ ಇಲ್ಲ, ಆಕಾಶ ಕರೆಯಿತು ಅಂತ ಇಲ್ಲ.

ಕೆಳಗೆ ಹಾರೋದು ಯಾಕೆ ಅಷ್ಟು ಅಪಾಯ ಅಂದ್ರೆ, ಪೈಲಟ್‌ಗೆ ಎತ್ತರ ಅಂದ್ರೆ ಸಮಯ. ಮೇಲಿದ್ದಾಗ ಎಂಜಿನ್ ನಿಂತರೂ ವಿಮಾನ ಕಲ್ಲಿನ ಥರ ಬೀಳಲ್ಲ, ತೇಲ್ತಾ ಇಳಿಯುತ್ತೆ, ಜಾಗ ಹುಡುಕೋಕೆ ಸ್ವಲ್ಪ ಹೊತ್ತು ಸಿಗುತ್ತೆ. ಕಣಿವೆಯೊಳಗೆ ಕೆಳಗಿದ್ದಾಗ ಆ ಹೊತ್ತು ಇರಲ್ಲ. ಮುಂದಿನ ನೆಲ ಏರ್ತಾ ಬರುತ್ತೆ, ಎರಡೂ ಪಕ್ಕ ಬೆಟ್ಟ, ತಿರುಗಿಸೋಕೆ ಬೇಕಾದಷ್ಟು ಅಗಲ ಇರಲ್ಲ. ಒಂದೆರಡು ಸೆಕೆಂಡಿನ ಲೆಕ್ಕ ತಪ್ಪಿದರೂ ಸರಿಮಾಡೋಕೆ ಏನೂ ಉಳಿದಿರಲ್ಲ.

ಈ ವರದಿಗಳನ್ನ ಬರೆಯೋದು ಸತ್ತವರನ್ನ ಬೈಯೋಕಲ್ಲ. ಇನ್ನೊಂದು ಬೆಳಿಗ್ಗೆ ಇನ್ಯಾರೋ ಅಂಥದೇ ಕಣಿವೆ ಮೇಲೆ ಹೋಗುವಾಗ ನೆನಪಾಗಲಿ ಅಂತ. ಪೈಲಟ್ ಆಗಿದ್ದವರಿಗೆ ಅದಕ್ಕಿಂತ ದೊಡ್ಡ ಗೌರವ ಇದೆ ಅಂತ ನನಗನ್ನಿಸಲ್ಲ. ಅವರ ಸಂಗೀತವನ್ನ ಸ್ವರ ಸ್ವರ ಬಿಡಿಸಿ ನೋಡೋರು ಅವರ ಕೊನೇ ಹಾರಾಟವನ್ನೂ ಹಾಗೇ ನೋಡಬೇಕು.

(4/4)

‘ಇಷ್ಟವಾದದ್ದನ್ನ ಮಾಡ್ತಾನೇ ಹೋದ್ರು’ ಅನ್ನೋ ಸಾಲು ಎರಡು ಬೇರೆ ವಿಷಯಗಳನ್ನ ಒಂದೇ ಗಂಟಲ್ಲಿ ಕಟ್ಟಿಬಿಡುತ್ತೆ. ಹಾರೋದು ಅವರಿಗೆ ಇಷ್ಟ ಇತ್ತು, ನಿಜ. ಕಣಿವೆಯಲ್ಲಿ ಅಷ್ಟು ಕೆಳಗೆ ಹಾರೋದು ಆ ಬೆಳಗಿನ ಒಂದು ಆಯ್ಕೆ. ಇಷ್ಟಕ್ಕೆ ಚಪ್ಪಾಳೆ ಹೊಡೆಯೋ ಭರದಲ್ಲಿ ಆಯ್ಕೆಗೂ ಚಪ್ಪಾಳೆ ಹೊಡೀತೀವಿ.

ಮನೆಯವರು ಆ ಸಾಲನ್ನ ಹೇಳಿಕೊಂಡರೆ ನಾನು ತುಟಿ ಬಿಚ್ಚಲ್ಲ. ಅವರಿಗೆ ಯಾವ ಮಾತಲ್ಲಿ ಸಮಾಧಾನ ಸಿಗುತ್ತೋ ಅದನ್ನ ಹಿಡ್ಕೊಳ್ಳೋ ಹಕ್ಕಿದೆ. ಆದ್ರೆ ಹೊರಗಿನವರು ನಾವು, ಸ್ಕ್ರೋಲ್ ಮಾಡ್ತಾ ಅದನ್ನ ಟೈಪ್ ಮಾಡಿದಾಗ ಸಮಾಧಾನ ಆಗೋದು ನಮಗೆ. ಒಳ್ಳೇ ಸಾವು ಅಂತ ಫೈಲ್ ಮುಚ್ಚಿ ಮುಂದಿನ ರೀಲ್‌ಗೆ ಹೋಗ್ತೀವಿ.

ಬಿಕಾಂನವರಿಗೆ ಬಿಕಾಂ ಭಾಷೇಲಿ ಹೇಳ್ತೀನಿ. 1932ರ ಪಾಲುದಾರಿಕೆ ಕಾಯ್ದೆ ನೆನಪಿದ್ಯಾ? ಒಬ್ಬ ಪಾರ್ಟ್‌ನರ್ ಫರ್ಮ್ ಹೆಸರಲ್ಲಿ ಒಂದು ಕಾಗದಕ್ಕೆ ಸಹಿ ಹಾಕಿದ್ರೆ, ಆ ಹೊತ್ತಲ್ಲಿ ಅಲ್ಲಿ ಇಲ್ಲದ ಉಳಿದವರೂ ಅದಕ್ಕೆ ಹೊಣೆ. ಸಂಸಾರವೂ ಹಾಗೇ. ವಿಮಾನದಲ್ಲಿ ಒಬ್ಬರೇ ಇದ್ದರು ಅಂತ ವರದಿ ಹೇಳುತ್ತೆ. ನನಗೆ ಅದು ಪೂರ್ತಿ ಲೆಕ್ಕ ಅನ್ನಿಸಲ್ಲ.

ನಮ್ಮ ಕಡೆಗೆ ಬನ್ನಿ. ಹೋದ ವರ್ಷ ನಮ್ಮ ಏರಿಯಾದ ಒಬ್ಬ ಹುಡುಗ ಹೈವೇಯಲ್ಲಿ ವೀಲಿಂಗ್ ಮಾಡೋಕೆ ಹೋಗಿ ತೀರಿಕೊಂಡ. ಸಂಜೆ ಹೊತ್ತಿಗೆ ಎಲ್ಲರ ಸ್ಟೋರಿಯಲ್ಲೂ ಅವನದ್ದೇ ವಿಡಿಯೋ, ಮುಂದಿನ ಚಕ್ರ ಗಾಳೀಲಿ, ಹಿಂದೆ ಹಾಡು. ಬೈಕ್ ಅಂದ್ರೆ ಪ್ರಾಣ ಅವನಿಗೆ, ಲೆಜೆಂಡ್, ರೈಡ್ ಇನ್ ಪೀಸ್. ಹೆಲ್ಮೆಟ್ ಹಾಕಿರಲಿಲ್ಲ ಅನ್ನೋದನ್ನ ಒಬ್ಬರೂ ಹಾಕಲಿಲ್ಲ. ಅವನ ತಂಗಿ ಪಿಯುಸಿ ಓದ್ತಿದಾಳೆ. ಬೆಳಿಗ್ಗೆ ಕಾಲೇಜಿಗೆ ಅವಳನ್ನ ಬಿಡ್ತಿದ್ದವನು ಅವನೇ. ಈಗ ಆರೂವರೆ ಬಸ್ಸಿಗೆ ನಿಲ್ತಾಳೆ. ಅವಳು ಫೋನ್ ತೆಗೆದ್ರೆ ಅಣ್ಣನ ಸಾವಿನ ವಿಡಿಯೋಗೆ ಬೆಂಕಿ ಇಮೋಜಿ. ಒಂದು ತಿಂಗಳಾದ್ಮೇಲೆ ಅದೇ ರಸ್ತೇಲಿ ಅವನ ನೆನಪಿಗೆ ಅಂತ ಇನ್ನಿಬ್ಬರು ವೀಲಿಂಗ್ ಮಾಡಿದ್ರು ಗೊತ್ತಾ? ಲೆಜೆಂಡ್ ಅಂತ ಬರೆದವರಿಗೆ ಅದರಲ್ಲಿ ಪಾಲಿಲ್ಲ ಅಂತ ನಾನು ಒಪ್ಪಲ್ಲ.

61 ವರ್ಷದ ದೊಡ್ಡ ಸಂಗೀತಗಾರರನ್ನೂ 19ರ ಹುಡುಗನನ್ನೂ ಒಂದೇ ತಕ್ಕಡೀಲಿ ಹಾಕ್ತಿಲ್ಲ. ಒಬ್ಬರು ಯಾರ ತಂಟೆಗೂ ಹೋಗದೆ ಖಾಲಿ ಕಾಡಿನ ಮೇಲಿದ್ದರು, ಇನ್ನೊಬ್ಬ ಜನ ಓಡಾಡೋ ರಸ್ತೆಯಲ್ಲಿದ್ದ. ಕ್ಯಾಪ್ಷನ್ ಮಾತ್ರ ಇಬ್ಬರಿಗೂ ಒಂದೇ ಬರೆದಿದ್ದೀವಿ ನೋಡಿ.

ಹಾಗಾಗಿ ಈ ಜೂನ್‌ನಲ್ಲಿ ಹಾರ್ನರ್ ಫೋಟೋ ಹಾಕೋರು ದಯವಿಟ್ಟು ಆ ಸಾಲು ಬಿಟ್ಟು ಬೇರೆ ಏನಾದ್ರೂ ಬರೀರಿ. ಗುಟ್ಟಾಗಿ ಮಾಡಿದ ಡೆಮೊ ಟೇಪ್ ಬಗ್ಗೆ ಬರೀರಿ, ಸಂಬಳ ಇಲ್ಲದೇ ಮಾಡಿದ ಸಿನಿಮಾ ಬಗ್ಗೆ ಬರೀರಿ. ಹೇಗೆ ಹೋದರು ಅಂತ ಬರೆಯೋದಾದ್ರೆ ಕೆಳಗೆ ಹಾರ್ತಿದ್ದರು ಅಂತಲೇ ಬರೀರಿ.

ಇವತ್ತಿಗೆ ಕೇಳೋಕೆ: ‘ಅಪೊಲೊ 13’ ರಾಕೆಟ್ ಮೇಲೇಳೋ ದೃಶ್ಯದ ಸಂಗೀತ. ಬಸ್ಸಿನ ಗಲಾಟೇಲಿ ಬೇಡ, ರಾತ್ರಿ ಹೆಡ್‌ಫೋನ್ ಹಾಕ್ಕೊಂಡು. ಆಮೇಲೆ ‘ವಿಲೋ’ ಹಾಕಿ, ಆ ನಾಲ್ಕು ಸ್ವರ ಎಷ್ಟನೇ ನಿಮಿಷಕ್ಕೆ ಸಿಕ್ಕಿತು ಅಂತ ಕಾಮೆಂಟಲ್ಲಿ ಹೇಳಿ.

#ಜೇಮ್ಸ್‌ಹಾರ್ನರ್ #ಸಿನಿಮಾಸಂಗೀತ #ಉದ್ದಕ್ಯಾಪ್ಷನ್